ಲೈಬ್ರರಿ ಅಕ್ಕ, ಕೋಹಾ ಮತ್ತು ಸಿಗದ 412 ಪುಸ್ತಕ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದುವ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಈ ಸಲ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಲ್ಲ. ನಮ್ಮ ಸ್ಟುಡಿಯೋ ಅಂದ್ರೆ ನನ್ನ ರೂಮಿನ ಬಟ್ಟೆ ಬೀರುವಿನ ಪಕ್ಕದ ಜಾಗ, ಅದು ಹಳೇ ಕೇಳುಗರಿಗೆ ಗೊತ್ತೇ ಇದೆ. ರೆಕಾರ್ಡರ್ ಬ್ಯಾಗಿಗೆ ಹಾಕ್ಕೊಂಡು ನಾನು ಬಿ.ಕಾಂ. ಓದಿದ ಕಾಲೇಜಿನ ಲೈಬ್ರರಿಗೆ ಹೋಗಿದ್ದೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರೋ ಅನುದಾನಿತ ಕಾಲೇಜು ಅದು. ಹೆಸರು ಹೇಳಲ್ಲ. ಯಾಕೆ ಅಂತ ಕೊನೆ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ.

ಅಲ್ಲಿ ಒಬ್ಬರು ಅಕ್ಕ ಇದ್ದಾರೆ. ನಾವೆಲ್ಲ ಲೈಬ್ರರಿ ಅಕ್ಕ ಅಂತಲೇ ಕರೀತಿದ್ವಿ. 26 ವರ್ಷದ ಹಿಂದೆ ಅಟೆಂಡರ್ ಆಗಿ ಸೇರಿದವರು. ಲೈಬ್ರರಿಯನ್ ಸರ್ ರಿಟೈರ್ ಆದ್ರು, ಆ ಹುದ್ದೆ ಇವತ್ತಿಗೂ ಖಾಲಿ. ಹಾಗಾಗಿ ಬೀಗದ ಕೈಯಿಂದ ಹಿಡಿದು ಪತ್ರಿಕೆ ಬಿಲ್ ತನಕ ಎಲ್ಲ ಅಕ್ಕನ ತಲೆ ಮೇಲೆ. ಕಾಲೇಜಿಗೆ ನ್ಯಾಕ್ ತಂಡ ಬರೋದಿದೆ. ನ್ಯಾಕ್‌ನವರು ಕೇಳೋ ಪ್ರಶ್ನೆಗಳಲ್ಲಿ ಲೈಬ್ರರಿ ಗಣಕೀಕರಣ ಆಗಿದೆಯಾ, ಯಾವ ಸಾಫ್ಟ್‌ವೇರ್ ಅನ್ನೋದೂ ಒಂದು. ಸರಿ, ಒಂದು ದಿನ ಯಾರೋ ಬಂದ್ರು, ಸರ್ವರ್‌ನಲ್ಲಿ ಕೋಹಾ ಅನ್ನೋ ಸಾಫ್ಟ್‌ವೇರ್ ಹಾಕಿದ್ರು, ಎರಡು ಗಂಟೆ ಡೆಮೋ ಕೊಟ್ರು, ಹೋದ್ರು. ಸುಮಾರು 18 ಸಾವಿರ ಪುಸ್ತಕ ಅದರೊಳಗೆ ಹೋಗಬೇಕು. ಹಾಕೋರು ಅಕ್ಕ.

ಮೊದಲ ದಿನ ಹೇಗಿತ್ತು ಅಂತ ಕೇಳಿದೆ.

"ಏನಂತ ಹೇಳ್ಲಪ್ಪ. ಮೌಸ್ ಹಿಡಿಯೋದು ಗೊತ್ತಿತ್ತು. ಫೋನಲ್ಲಿ ವಾಟ್ಸ್ಆ್ಯಪ್ ನೋಡ್ತೀನಿ, ವಿದ್ಯುತ್ ಬಿಲ್ ಕಟ್ತೀನಿ. ಆದ್ರೆ ಇದನ್ನ ತೆಗೆದ ತಕ್ಷಣ ಪರದೆ ತುಂಬ ನಂಬರ್ರೇ. ಸೊನ್ನೆ ಸೊನ್ನೆ ಎಂಟು, ನೂರು, ಇನ್ನೂರ ನಲವತ್ತೈದು. ಪುಸ್ತಕದ ಹೆಸರು ಬರೆಯೋಕೆ ಇನ್ನೂರ ನಲವತ್ತೈದು ಯಾಕೆ ಬೇಕು ಅಂತೀನಿ?"

ಒಳ್ಳೇ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕೋಹಾ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಅಂಗಡಿಗೆ ಟ್ಯಾಲಿ ಹೇಗೋ ಲೈಬ್ರರಿಗೆ ಇದು ಹಾಗೆ. ಯಾವ ಪುಸ್ತಕ ಇದೆ, ಯಾರ ಕೈಯಲ್ಲಿದೆ, ಯಾವತ್ತು ವಾಪಸ್ ಬರಬೇಕು, ದಂಡ ಎಷ್ಟು, ಎಲ್ಲ ಒಂದೇ ಕಡೆ. ಬ್ರೌಸರ್‌ನಲ್ಲೇ ತೆರೆಯುತ್ತೆ. ಅದಕ್ಕೆ ಎರಡು ಬಾಗಿಲು: ಒಂದು ಸಿಬ್ಬಂದಿಗೆ, ಇನ್ನೊಂದು ವಿದ್ಯಾರ್ಥಿಗಳು ಪುಸ್ತಕ ಹುಡುಕೋಕೆ. ಎರಡನೇದಕ್ಕೆ ಓಪ್ಯಾಕ್ ಅಂತಾರೆ.

ಇದು ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ. 1999ರಲ್ಲಿ ವೈಟುಕೆ ಗಲಾಟೆ ನೆನಪಿದೆಯಾ? ನನಗೆ ಆಗ ಎರಡೋ ಮೂರೋ ವರ್ಷ, ಕೇಳಿ ಗೊತ್ತು ಅಷ್ಟೇ. ಇಸವಿ 2000 ಆದ ಕೂಡಲೇ ಹಳೇ ಕಂಪ್ಯೂಟರ್‌ಗಳೆಲ್ಲ ತಾರೀಖು ತಪ್ಪಿ ಕೆಟ್ಟು ನಿಲ್ಲುತ್ತವೆ ಅನ್ನೋ ಭಯ. ಹೊರೊವೆನುವಾ ಅನ್ನೋ ಕಡೆಯ ಲೈಬ್ರರಿಯವರ ಹಳೇ ಸಾಫ್ಟ್‌ವೇರ್‌ಗೂ ಅದೇ ತೊಂದರೆ. ಹೊಸದು ಕೊಳ್ಳೋ ಬದಲು ಅಲ್ಲಿನ ಒಂದು ಸಣ್ಣ ಕಂಪನಿ ಕೈಲಿ ಹೊಸದಾಗಿ ಬರೆಸಿದ್ರು. 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡಿತು. ಆಮೇಲೆ ಅದನ್ನ ಬೀಗ ಹಾಕಿ ಇಟ್ಕೊಳ್ಳದೆ ಯಾರು ಬೇಕಾದ್ರೂ ತಗೊಳ್ಳಿ, ತಿದ್ದಿಕೊಳ್ಳಿ ಅಂತ ಬಿಟ್ಟುಕೊಟ್ಟರು. ಕೋಹಾ ಅನ್ನೋದು ಮಾವೋರಿ ಭಾಷೆಯ ಪದ. ಉಡುಗೊರೆ ಅಂತ ಅರ್ಥ. ಬರೀ ಉಡುಗೊರೆ ಅಲ್ಲ, ಮುಂದೆ ಯಾವತ್ತಾದರೂ ತಿರುಗಿ ಕೊಡಬೇಕಾದ್ದು. ಅಕ್ಕನಿಗೆ ಇದನ್ನ ಹೇಳಿದಾಗ ತಕ್ಷಣ ಅಂದ್ರು, "ಓ, ಮುಯ್ಯಿ ಅನ್ನು!" ಮದುವೇಲಿ ಮುಯ್ಯಿ ಪುಸ್ತಕ ಬರೆದಿಟ್ಕೊಂಡು, ಅವರ ಮನೆ ಮದುವೆಗೆ ವಾಪಸ್ ಮಾಡ್ತೀವಲ್ಲ, ಅದೇ. ಇದಕ್ಕಿಂತ ಒಳ್ಳೇ ಅನುವಾದ ನನಗಂತೂ ಹೊಳೆದಿರಲಿಲ್ಲ.

ಈಗ ಆ 245ರ ವಿಷಯ. ಪುಸ್ತಕದ ವಿವರಗಳನ್ನ ಕಂಪ್ಯೂಟರ್ ಓದೋ ಹಾಗೆ ಬರೆಯೋ ಪದ್ಧತಿಗೆ ಮಾರ್ಕ್ ಅಂತ ಹೆಸರು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಅನ್ನೋರು ರೂಪಿಸಿದ್ದು. ಆಕೆ ಲೈಬ್ರರಿಯನ್ ಅಲ್ಲ, ಪ್ರೋಗ್ರಾಮರ್. ಲೈಬ್ರರಿ ಕೆಲಸವನ್ನ ಅಲ್ಲಿಗೆ ಸೇರಿದ ಮೇಲೆ ಕಲಿತವರು. ಅವರ ಆಲೋಚನೆ ಸರಳ. ಶೀರ್ಷಿಕೆಗೆ 'ಟೈಟಲ್' ಅಂತ ಬರೆದ್ರೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಅರ್ಥ ಆಗುತ್ತೆ. 245 ಅಂತ ಬರೆದ್ರೆ ಜಗತ್ತಿನ ಯಾವ ಲೈಬ್ರರಿಯ ಯಂತ್ರಕ್ಕೂ ಗೊತ್ತಾಗುತ್ತೆ. ಲೇಖಕರು 100, ಐಎಸ್‌ಬಿಎನ್ 020, ಡ್ಯೂಯಿ ವರ್ಗೀಕರಣದ ಸಂಖ್ಯೆ 082. ನಮ್ಮ ಬಿ.ಕಾಂ. ಭಾಷೆಯಲ್ಲಿ ಹೇಳಬೇಕಂದ್ರೆ ಲೆಡ್ಜರ್ ಫೋಲಿಯೋ ನಂಬರ್ ಇದ್ದ ಹಾಗೆ.

ಅಕ್ಕನಿಗೆ ಇದು ಎರಡೇ ದಿನದಲ್ಲಿ ಹಿಡಿತಕ್ಕೆ ಬಂತು. ಯಾಕಂದ್ರೆ ನಂಬರ್‌ನಲ್ಲೇ ಯೋಚನೆ ಮಾಡೋದು ಅವರಿಗೆ ಹೊಸದಲ್ಲ. ಅಕೌಂಟೆನ್ಸಿ ಅಂದ್ರೆ 657, ಕನ್ನಡ ಸಾಹಿತ್ಯ 894.814. ನಾವು ಕಾಸ್ಟಿಂಗ್ ಪುಸ್ತಕ ಬೇಕು ಅಂದ್ರೆ ತಲೆ ಎತ್ತದೇ "ಆರುನೂರ ಐವತ್ತೇಳು, ಕಿಟಕಿ ಪಕ್ಕ, ಕೆಳಗಿಂದ ಎರಡನೇದು" ಅಂತಿದ್ರು. ಮಿಕ್ಕಿದ್ದನ್ನ ಯೂಟ್ಯೂಬ್ ನೋಡಿ ಕಲಿತರು. ನಮ್ಮ ದೇಶದ ಎಷ್ಟೋ ಲೈಬ್ರರಿಯನ್‌ಗಳು ಕೋಹಾ ಬಗ್ಗೆ ವಿಡಿಯೋ ಹಾಕಿದ್ದಾರೆ. ಪರದೆ ಮೇಲೆ ಬಾಣದ ಗುರುತು ಓಡಾಡುತ್ತೆ, ಹಿಂದೆ ಫ್ಯಾನ್ ಸದ್ದು ಕೇಳುತ್ತೆ. ಆದ್ರೂ ಕೆಲಸಕ್ಕೆ ಬರುತ್ತೆ.

ಒಂದು ವಿಷಯ ಸುಲಭವಾಗಿ ಆಯ್ತು. ಕಾಮರ್ಸ್, ಸೈನ್ಸ್‌ನ ಇಂಗ್ಲಿಷ್ ಪಠ್ಯಪುಸ್ತಕಗಳನ್ನ ಪೂರ್ತಿ ಟೈಪ್ ಮಾಡಬೇಕಾಗಿಲ್ಲ. ಐಎಸ್‌ಬಿಎನ್ ಹಾಕಿದ್ರೆ ಕೋಹಾ ಬೇರೆ ಲೈಬ್ರರಿಗಳ ಕಡತದಲ್ಲಿ ಹುಡುಕಿ, ಅವರು ಮೊದಲೇ ಮಾಡಿಟ್ಟ ವಿವರವನ್ನ ಎಳೆದು ತರುತ್ತೆ. ಯಾರೋ ಎಲ್ಲೋ ಒಮ್ಮೆ ಮಾಡಿದ ಕೆಲಸ ಎಲ್ಲರಿಗೂ ಸಿಗುತ್ತೆ. ಇದೂ ಮುಯ್ಯಿ ಲೆಕ್ಕವೇ. ಅಕ್ಕ ಒಂದೇ ದಿನದಲ್ಲಿ 90 ಪುಸ್ತಕ ಹಾಕಿ ಮುಗಿಸಿದ್ರಂತೆ. "ಇಷ್ಟೇನಾ ಅಂದ್ಕೊಂಡೆ."

ಕನ್ನಡದ ಕಪಾಟಿಗೆ ಬಂದಾಗ ಗಾಡಿ ನಿಂತಿತು.

ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡೋ ಕೆಲಸ ಶುರುವಾಗಿದ್ದೇ 1985ರಲ್ಲಿ. ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ ಆ ಸಂಖ್ಯೆ ಹುಡುಕಿದ್ರೆ ಎಲ್ಲಿ ಸಿಗುತ್ತೆ? ಆಮೇಲೆ ಬಂದ ಎಷ್ಟೋ ಕನ್ನಡ ಪುಸ್ತಕಗಳಲ್ಲೂ ಅದು ಇಲ್ಲ. ಹೆಸರಿನಿಂದ ಹುಡುಕಿದ್ರೆ ಕೆಲವು ಸಿಗುತ್ತವೆ, ಅದೂ ಎಲ್ಲಿ ಅಂದ್ರೆ ಮತ್ತೆ ಅದೇ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಅವರು 1962ರಿಂದ ದೆಹಲಿಯಲ್ಲಿ ಒಂದು ಕಚೇರಿ ಇಟ್ಕೊಂಡು ಭಾರತೀಯ ಭಾಷೆಗಳ ಪುಸ್ತಕ ಸಂಗ್ರಹಿಸ್ತಿದ್ದಾರೆ. ಪಿಎಲ್ 480 ಯೋಜನೆಯಲ್ಲಿ ಅಮೆರಿಕ ನಮಗೆ ಗೋಧಿ ಮಾರಿ ಬಂದ ರೂಪಾಯಿಯಲ್ಲೇ ಮೊದಮೊದಲು ಈ ಪುಸ್ತಕಗಳನ್ನ ಕೊಂಡಿದ್ದು. ಗೋಧಿ ಇಲ್ಲಿಗೆ, ಕಾದಂಬರಿ ಅಲ್ಲಿಗೆ. ಆದ್ರೆ ಅವರ ಕಡತದಲ್ಲಿ ಕನ್ನಡ ಹೆಸರುಗಳಿರೋದು ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೊಂದು ಗೆರೆ, ಕೆಳಗೊಂದು ಚುಕ್ಕೆ ಇಟ್ಟು. ಅದನ್ನ ಹಾಗೇ ತಂದಿಟ್ಟರೆ ನಮ್ಮ ಹುಡುಗ್ರು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದಾಗ 'ಫಲಿತಾಂಶ ಇಲ್ಲ' ಅಂತ ಬರುತ್ತೆ. ಪುಸ್ತಕ ಹತ್ತಡಿ ದೂರದಲ್ಲೇ ಇರುತ್ತೆ.

ಇನ್ನೊಂದು ಆಸೆ ಇತ್ತು. ಹತ್ತು ಹನ್ನೆರಡು ವರ್ಷದ ಹಿಂದೆ ಯಾರೋ ಗುತ್ತಿಗೆ ಹುಡುಗ ಕನ್ನಡ ಪುಸ್ತಕಗಳ ಪಟ್ಟಿಯನ್ನ ಎಕ್ಸೆಲ್‌ನಲ್ಲಿ ಹೊಡೆದಿಟ್ಟಿದ್ದ. ಆ ಫೈಲ್ ಸಿಕ್ತು. ತೆರೆದ್ರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಅಂಟಿಸಿದ ಹಾಗೆ ಏನೋ ವಿಚಿತ್ರ. "ವೈರಸ್ ಬಂದಿದೆ ಅಂತ ಹೆದರಿ ಕಂಪ್ಯೂಟರ್ರೇ ಆಫ್ ಮಾಡಿಬಿಟ್ಟೆ ಕಣಪ್ಪ" ಅಂತಾರೆ ಅಕ್ಕ.

ವೈರಸ್ ಅಲ್ಲ. ಇದು ಕನ್ನಡದಲ್ಲಿ ಕಂಪ್ಯೂಟರ್ ಬಳಸಿದ ಪ್ರತಿ ಕಚೇರಿಯ ಸಮಸ್ಯೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಹೊಡೆದಾಗ ಕಂಪ್ಯೂಟರಿನ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಮೇಲಿನ ಫಾಂಟ್ ಅದಕ್ಕೆ ಕನ್ನಡದ ಮುಖವಾಡ ಹಾಕಿ ತೋರಿಸುತ್ತೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಮುಖವಾಡ ಕಳಚುತ್ತೆ. ಯೂನಿಕೋಡ್‌ನಲ್ಲಿ ಹಾಗಲ್ಲ. 'ಕ' ಅಂದ್ರೆ ಒಳಗೂ 'ಕ'ನೇ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು, ನಾವು ಬಳಸೋಕೆ ತಡ ಮಾಡಿದ್ವಿ. ಹಳೇದನ್ನ ಯೂನಿಕೋಡ್‌ಗೆ ತಿರುಗಿಸೋ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಇಂಟರ್ನೆಟ್‌ನಲ್ಲಿ ಹುಡುಕಿ ಒಂದನ್ನ ತೋರಿಸಿಕೊಟ್ಟಿದ್ದು ಬಿಸಿಎ ಓದೋ ಒಬ್ಬ ವಿದ್ಯಾರ್ಥಿನಿ. ಮುಕ್ಕಾಲು ಪಾಲು ಸರಿಯಾಗಿ ಬಂತು. ಒತ್ತಕ್ಷರ ಕೆಟ್ಟಿದ್ದನ್ನ ಅಕ್ಕ ಒಂದೊಂದಾಗಿ ತಿದ್ದಿದ್ರು.

ತಿದ್ದೋವಾಗ ಅಕ್ಕ ಕಂಡುಕೊಂಡಿದ್ದನ್ನ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಭೈರಪ್ಪನವರ 'ಗೃಹಭಂಗ' ಎಷ್ಟು ಸಲ ಇಶ್ಯೂ ಆಗೋ ಪುಸ್ತಕ! ಆದ್ರೆ ಓಪ್ಯಾಕ್‌ನಲ್ಲಿ ಹುಡುಗ್ರು ಹುಡುಕೋದು 'ಗ್ರಹಭಂಗ' ಅಂತ. ಬಾಯಲ್ಲಿ ಕೇಳಿದಾಗ ಅಕ್ಕನ ಕಿವಿ ಸರಿ ಮಾಡ್ಕೊಳ್ತಿತ್ತು, ಯಂತ್ರ ಮಾಡ್ಕೊಳ್ಳಲ್ಲ. ಅದಕ್ಕೆ ಅಕ್ಕ ಏನು ಮಾಡಿದ್ರು ಅಂದ್ರೆ, ಮಾರ್ಕ್‌ನಲ್ಲಿ 246 ಅಂತ ಒಂದು ಜಾಗ ಇದೆ, ಅದೇ ಪುಸ್ತಕದ ಬೇರೆ ರೂಪದ ಶೀರ್ಷಿಕೆ ಬರೆಯೋಕೆ. ಅಲ್ಲಿ ಜನ ತಪ್ಪಾಗಿ ಹೊಡೆಯೋ ರೂಪ ಮತ್ತು ಇಂಗ್ಲಿಷ್ ಅಕ್ಷರದ ರೂಪ ಎರಡನ್ನೂ ಸೇರಿಸಿದ್ರು. ನಿಯಮ ಬಲ್ಲವರು ಇದನ್ನ ಒಪ್ಪದೇ ಇರಬಹುದು, ಲಿಪಿ ಬದಲಾಗೋದಕ್ಕೆ ಬೇರೆ ಜಾಗವೇ ಇದೆ ಅನ್ನಬಹುದು. ನನ್ನ ಪ್ರಕಾರ ಅಕ್ಕ ಮಾಡಿದ್ದೇ ಸರಿ. ಹುಡುಕಿದವರಿಗೆ ಪುಸ್ತಕ ಸಿಗ್ತಿದೆ.

ಲೇಖಕರ ಹೆಸರಿನದು ಇನ್ನೊಂದು ಕಥೆ. ತ.ರಾ.ಸು., ತರಾಸು, ತ.ರಾ. ಸುಬ್ಬರಾಯ. ಯಂತ್ರದ ಕಣ್ಣಿಗೆ ಇವರು ಮೂರು ಜನ. ಕುವೆಂಪು ಒಬ್ಬರು, ಕೆ.ವಿ. ಪುಟ್ಟಪ್ಪ ಇನ್ನೊಬ್ಬರು. ತ್ರಿವೇಣಿಯವರ ನಿಜವಾದ ಹೆಸರು ಅನಸೂಯಾ ಶಂಕರ್ ಅಂತ ಕೋಹಾಕ್ಕೆ ಯಾರು ಹೇಳಬೇಕು? ಇದಕ್ಕೆ ಅಥಾರಿಟಿ ಫೈಲ್ ಅಂತ ಒಂದಿದೆ. ಒಬ್ಬ ಲೇಖಕರಿಗೆ ಒಂದು ಮುಖ್ಯ ಹೆಸರು ನಿಗದಿ ಮಾಡಿ, ಉಳಿದವನ್ನೆಲ್ಲ 'ಇದನ್ನ ಹುಡುಕಿದ್ರೆ ಅಲ್ಲಿಗೆ ಕಳಿಸು' ಅಂತ ಜೋಡಿಸೋದು. ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಲೇಖಕರ ಕಾವ್ಯನಾಮಗಳನ್ನ ಬರೆದುಕೊಳ್ತಾ ಹೋದ್ರು. ನಾನು ಹೋದ ದಿನ ಆ ಪಟ್ಟಿ 11ನೇ ಪುಟಕ್ಕೆ ಬಂದಿತ್ತು. ಇದನ್ನೆಲ್ಲ ಯಾರು ಹೇಳಿಕೊಟ್ರು ಅಂದೆ. "ಯಾರು ಹೇಳಿಕೊಡ್ತಾರೆ? ಮಧ್ಯಾಹ್ನ ಯಾರೂ ಬರಲ್ಲ, ಓದ್ತಾ ಕೂರ್ತಿದ್ದೆ" ಅಂದ್ರು.

ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನೋ ಎಸ್.ಆರ್. ರಂಗನಾಥನ್ ಕೂಡ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆಗುವಾಗ ಗಣಿತದ ಮೇಷ್ಟ್ರು. ಲೈಬ್ರರಿ ಕೆಲಸ ಗೊತ್ತಿರಲಿಲ್ಲ. ಬೇಜಾರಾಗಿ ಕೆಲವೇ ದಿನದಲ್ಲಿ ಪಾಠ ಮಾಡೋಕೆ ವಾಪಸ್ ಹೋಗ್ತೀನಿ ಅಂದಿದ್ದರಂತೆ. ಮುಂದೆ 1962ರಲ್ಲಿ ಬೆಂಗಳೂರಲ್ಲೇ ಡಿ.ಆರ್.ಟಿ.ಸಿ. ಶುರು ಮಾಡಿದ್ದು ಅದೇ ಮನುಷ್ಯ. ಅಕ್ಕನ ಮೇಜಿನ ಹಿಂದೆ ಅವರ ಫೋಟೋ ಇದೆ, ಅದಕ್ಕೇ ನೆನಪಾಯ್ತು.

ಇಷ್ಟೆಲ್ಲ ಕಲಿತ ಮೇಲೂ ಅಕ್ಕ ಒಂದು ಕೆಲಸವನ್ನ ಎರಡು ತಿಂಗಳು ಮುಟ್ಟಲಿಲ್ಲ. ಅದೇ ಸ್ಟಾಕ್ ವೆರಿಫಿಕೇಷನ್.

ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ ಇರುತ್ತೆ. ಅಕ್ಸೆಷನ್ ರಿಜಿಸ್ಟರ್ ಅನ್ನೋ ದೊಡ್ಡ ಪುಸ್ತಕದಲ್ಲಿ ಅದರ ಲೇಖಕರು, ಬೆಲೆ, ಬಿಲ್ ನಂಬರ್ ಎಲ್ಲ ಬರೆದಿರ್ತಾರೆ. ನಮ್ಮ ಜರ್ನಲ್ ಇದ್ದ ಹಾಗೆ, ಒಮ್ಮೆ ಬರೆದ ಎಂಟ್ರಿ ಅಳಿಸೋ ಹಾಗಿಲ್ಲ. ಕೋಹಾದಲ್ಲಿ ಇನ್ವೆಂಟರಿ ಅನ್ನೋ ಸಾಧನ ಇದೆ. ಕಪಾಟಿನಲ್ಲಿರೋ ಪುಸ್ತಕಗಳ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಹಾಕಿದ್ರೆ, ರಿಜಿಸ್ಟರಿನಲ್ಲಿದ್ದು ಕಪಾಟಿನಲ್ಲಿ ಇಲ್ಲದ್ದನ್ನ ಪಟ್ಟಿ ಮಾಡಿ ಕೊಡುತ್ತೆ. ಕೈಯಲ್ಲಿ ಮಾಡಿದ್ರೆ ಬೇಸಿಗೆ ರಜೆ ಪೂರ್ತಿ ಬೇಕಾಗೋ ಕೆಲಸ ಇಲ್ಲಿ ಒಂದು ವಾರಕ್ಕೆ ಮುಗಿಯುತ್ತೆ.

ಭಯ ಇದ್ದದ್ದು ಅಲ್ಲೇ. ರೆಕಾರ್ಡಿಂಗ್‌ನಲ್ಲಿ ಈ ಜಾಗದಲ್ಲಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಾರೆ. ಆಮೇಲೆ ಹೇಳ್ತಾರೆ:

"ನಂಗೆ ಗೊತ್ತು ಎಷ್ಟೋ ಪುಸ್ತಕ ಇಲ್ಲ ಅಂತ. ಮೇಷ್ಟ್ರುಗಳು ಒಯ್ದಿದ್ದು, ಹುಡುಗ್ರು ತಂದುಕೊಡದೇ ಇದ್ದಿದ್ದು, ಮಳೆ ಸೋರಿ ಹೋಗಿದ್ದು. ಇಲ್ಲೀ ತನಕ ಅದು ನನ್ ತಲೇಲಿತ್ತು. ಈಗ ಬಟನ್ ಒತ್ತಿದ್ರೆ ಪ್ರಿಂಟ್ ಬರುತ್ತೆ. ಕೆಳಗೆ ಸಹಿ ಯಾರ್ದು? ನಂದು. ಹಿಂದೆ ಒಂದು ಕಡೆ ಒಬ್ಬರ ಸಂಬಳದಲ್ಲಿ ಮುರ್ಕೊಂಡಿದ್ದನ್ನ ಕೇಳಿದ್ದೀನಪ್ಪ."

ಆ ಎರಡು ತಿಂಗಳು ಕಚೇರಿಯಲ್ಲಿ ಎಲ್ಲರೂ ಮಾತಾಡ್ಕೊಂಡಿದ್ದು, 'ಅಕ್ಕನಿಗೆ ವಯಸ್ಸಾಯ್ತು, ಕಂಪ್ಯೂಟರ್ ಬರಲ್ಲ' ಅಂತ. ಐವತ್ತು ದಾಟಿದವರು ಯಾವುದಾದ್ರೂ ಸಾಫ್ಟ್‌ವೇರ್‌ನ ಮುಂದೂಡ್ತಿದ್ರೆ ನಾವೂ ಇದನ್ನೇ ಅಂದ್ಕೊಳ್ತೀವಿ, ಅಲ್ವಾ? ನಾನೂ ನಮ್ಮಪ್ಪನ ವಿಷಯದಲ್ಲಿ ಹೀಗೇ ಅಂದಿದ್ದೀನಿ.

ಇಲ್ಲಿ ನನ್ನ ಬಿ.ಕಾಂ. ಒಂದಿಷ್ಟು ಉಪಯೋಗಕ್ಕೆ ಬಂತು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, ಅಂದ್ರೆ ಜಿಎಫ್‌ಆರ್ 2017, ಅದರ 215ನೇ ನಿಯಮ ಲೈಬ್ರರಿ ಪುಸ್ತಕಗಳ ಬಗ್ಗೆ ಇದೆ. 20 ಸಾವಿರದವರೆಗೆ ಪುಸ್ತಕ ಇರೋ ಲೈಬ್ರರಿಯಲ್ಲಿ ಪ್ರತಿ ವರ್ಷ ಪೂರ್ತಿ ಪರಿಶೀಲನೆ ಮಾಡಬೇಕು ಅನ್ನುತ್ತೆ. ಅದರ ಜೊತೆಗೇ ಇನ್ನೊಂದು ಮಾತು ಹೇಳುತ್ತೆ. ವರ್ಷದಲ್ಲಿ ಕೊಟ್ಟ ಅಥವಾ ಅಲ್ಲೇ ಓದೋಕೆ ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದರಷ್ಟು ಕಳೆದುಹೋದ್ರೆ ಅದನ್ನ ಸಹಜ ಅಂತ ಒಪ್ಪಬಹುದು, ಅದರಲ್ಲಿ ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯದ್ದು, ಅಪರೂಪದ್ದು ಹೋದ್ರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾಡಿದ್ದು, ನಮ್ಮ ಕಾಲೇಜಿಗೆ ನೇರವಾಗಿ ಅನ್ವಯ ಆಗಲ್ಲ. ಆದ್ರೆ ಸಮಿತಿ ಮುಂದೆ ಇಡೋಕೆ ಒಂದು ಅಳತೆಗೋಲು ಅಂತೂ ಸಿಕ್ಕಿತು. ಪಿಡಿಎಫ್ ತೆಗೆದು ಅಕ್ಕನಿಗೆ ಓದಿ ಹೇಳಿದೆ. ವರ್ಷಕ್ಕೆ ಐದು ಸಾವಿರ ಇಶ್ಯೂ ಅಂದ್ರೆ 25 ಪುಸ್ತಕ. 26 ವರ್ಷಕ್ಕೆ 650. ಅಕ್ಕ ಕ್ಯಾಲ್ಕುಲೇಟರ್ ಇಸ್ಕೊಂಡು ತಾವೇ ಒಂದ್ಸಲ ಗುಣಿಸಿ ನೋಡಿದ್ರು.

ಇನ್ನೊಂದನ್ನ ಕೋಹಾನೇ ಕಲಿಸಿತು. ಸಿಗದ ಪುಸ್ತಕಕ್ಕೆ ಅದರಲ್ಲಿ ಒಂದೇ ಹಣೆಪಟ್ಟಿ ಇಲ್ಲ. ಆ ಪಟ್ಟಿ ತೆರೆದ್ರೆ ನಾಲ್ಕು ಪದ ಬರುತ್ತೆ: ಕಳೆದಿದೆ, ತುಂಬ ಕಾಲದಿಂದ ವಾಪಸ್ ಬಂದಿಲ್ಲ, ಕಳೆದಿದೆ, ಹಣ ಕಟ್ಟಿದ್ದಾರೆ, ಕಾಣಿಸ್ತಿಲ್ಲ. ಕಾಮರ್ಸ್‌ನವರಿಗೆ ಇದು ಥಟ್ಟಂತ ಅರ್ಥ ಆಗುತ್ತೆ. ಬ್ಯಾಡ್ ಡೆಟ್ಸ್ ಬೇರೆ, ಡೌಟ್‌ಫುಲ್ ಡೆಟ್ಸ್ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದ್ರೆ ಆಡಿಟರ್ ಬಿಡಲ್ಲ. ಅಕ್ಕನ ಹಳೇ ರಿಜಿಸ್ಟರಿನಲ್ಲಿ ಷರಾ ಕಾಲಂ ಒಂದೇ ಇತ್ತು, ಅಲ್ಲಿ 'ಇಲ್ಲ' ಅಂತ ಬರೆದ್ರೆ ಅಕ್ಕನೇ ಕಳೆದ ಹಾಗೆ ಕಾಣ್ತಿತ್ತು. ಇಲ್ಲಿ ಒಂದೊಂದು ಪುಸ್ತಕಕ್ಕೂ ಏನಾಯ್ತು ಅಂತ ಬೇರೆಬೇರೆಯಾಗಿ ಹೇಳೋಕೆ ಜಾಗ ಇದೆ.

ಒಂದು ಸೋಮವಾರ ಶುರು ಮಾಡಿದ್ರು. ಶನಿವಾರ ಪಟ್ಟಿ ಬಂತು. 412.

ಅಕ್ಕ ಅದನ್ನ ಪ್ರಿನ್ಸಿಪಾಲರಿಗೆ ತಕ್ಷಣ ಕೊಡಲಿಲ್ಲ, ಬಚ್ಚಿಡಲೂ ಇಲ್ಲ. ಪ್ರಿಂಟ್ ತಗೊಂಡು ಒಂದೊಂದೇ ಡಿಪಾರ್ಟ್‌ಮೆಂಟಿಗೆ ಹೋದ್ರು. ಮೇಷ್ಟ್ರುಗಳ ಬೀರು ತೆಗೆಸಿದ್ರು. ಒಬ್ಬರ ಬೀರುವಿನಲ್ಲಿ ಒಂಬತ್ತು ಸಿಕ್ಕವು. ತಪ್ಪು ಕಪಾಟಿನಲ್ಲಿದ್ದವು, ಬೈಂಡಿಂಗಿಗೆ ಅಂತ ಕಟ್ಟಿಟ್ಟು ಮರೆತಿದ್ದವು, ಎಲ್ಲ ಸೇರಿ 41 ಸಿಕ್ಕಿದ್ವು. ಉಳಿದಿದ್ದು 371. ಅದನ್ನ ನಾಲ್ಕು ಗುಂಪು ಮಾಡಿ, ಜಿಎಫ್‌ಆರ್ ಪುಟದ ಪ್ರತಿ ಲಗತ್ತಿಸಿ, ಸ್ಟಾಕ್ ವೆರಿಫಿಕೇಷನ್ ಸಮಿತಿ ಮುಂದೆ ಇಟ್ಟಿದ್ದಾರೆ. ಮೂರು ಜನರ ಸಮಿತಿಯಲ್ಲಿ ಇಬ್ಬರ ಸಹಿ ಆಗಿದೆ. ಮೂರನೇಯವರು ನೋಡೋಣ ಅಂದಿದ್ದಾರೆ. ಈ ಸಂಚಿಕೆ ಹೊರಗೆ ಬರೋ ಹೊತ್ತಿಗೂ ಅದು ಅಲ್ಲೇ ನಿಂತಿದೆ. ಕಾಲೇಜಿನ ಹೆಸರು ಹೇಳದೇ ಇರೋದು ಇದಕ್ಕೇ.

ಇನ್ನೊಂದು ವಿಷಯ ಹೇಳಲೇಬೇಕು. ಆ 371ರ ಪಟ್ಟಿಯನ್ನ ಅಕ್ಕ ನನ್ನ ಮುಂದೆ ಇಟ್ಟು, "ಆರುನೂರ ಐವತ್ತೇಳರ ಪುಟ ನೋಡು" ಅಂದ್ರು. ಕಾಸ್ಟ್ ಅಕೌಂಟಿಂಗ್, ಬೆಲೆ 295 ರೂಪಾಯಿ. ಕೊನೆಗೆ ತಗೊಂಡಿದ್ದು 2018ರ ಮಾರ್ಚ್‌ನಲ್ಲಿ, ಪರೀಕ್ಷೆ ಮುಂಚೆ. ತಗೊಂಡವನು ನಾನು. ಟಿ.ಸಿ. ಬೇಕು ಅಂತ ಅವಸರದಲ್ಲಿ ಹೋಗಿ ನೋ ಡ್ಯೂ ಕೇಳಿದ್ದೆ. ನಾಳೆ ತಂದುಕೊಡ್ತೀನಿ ಅಕ್ಕ ಅಂದಿದ್ದೆ. ಅಕ್ಕ ನಂಬಿ ಸಹಿ ಹಾಕಿದ್ರು. ಅದು ನನಗೆ ಪೂರ್ತಿ ಮರೆತೇ ಹೋಗಿತ್ತು.

ಮೈಕ್ ಆನ್ ಇತ್ತು. ಏನು ಹೇಳಬೇಕು ಅಂತ ಗೊತ್ತಾಗದೆ, "ಮೊದಲೇ ಹೇಳಬಹುದಿತ್ತಲ್ಲ ಅಕ್ಕ" ಅಂದೆ.

"ನೀನು ಬಂದು ಕೂತಾಗ್ಲೇ ಗೊತ್ತಿತ್ತು. ಕೆಲಸ ಮಾಡ್ಕೊಡ್ತಿದ್ದೆ, ಮಾಡ್ಲಿ ಅಂತ ಸುಮ್ಮನಿದ್ದೆ."

ಆವತ್ತೇ ಸಂಜೆ ಮನೆಗೆ ಹೋಗಿ ಅಟ್ಟದ ಮೇಲಿದ್ದ ಟ್ರಂಕ್ ಇಳಿಸಿದೆ. ಪುಸ್ತಕ ಇತ್ತು. ಅಮ್ಮ ಅದರೊಳಗೆ ಹಳೇ ರೇಷನ್ ಕಾರ್ಡ್ ಇಟ್ಟಿದ್ರು. ಬೆಳಿಗ್ಗೆ ತಗೊಂಡು ಹೋದೆ. ದಿನಕ್ಕೆ ಒಂದು ರೂಪಾಯಿ ದಂಡ, ಏಳು ವರ್ಷಕ್ಕೆ 2,555 ರೂಪಾಯಿ ಅಂತ ಅಕ್ಕ ಬಾಯಲ್ಲೇ ಲೆಕ್ಕ ಹಾಕಿ, ಪುಸ್ತಕದ ಬೆಲೆಗಿಂತ ಜಾಸ್ತಿ ಹಾಕೋ ಹಾಗಿಲ್ಲ ಬಿಡು, 295 ಕಟ್ಟು ಅಂದ್ರು. ಕಟ್ಟಿದೆ, ರಸೀದಿ ಇದೆ. ಆಮೇಲೆ ಹೊಸ ಬಾರ್‌ಕೋಡ್ ಚೀಟಿ ಅಂಟಿಸಿ, ರಿಟರ್ನ್ ಪುಟ ತೆಗೆದು, ಸ್ಕ್ಯಾನರ್ ಹಿಡಿದ್ರು. ಕೀಕ್ ಅಂತ ಸದ್ದು ಬಂತು, ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಒಂದು ಸಾಲು ಬಂತು. ಅಕ್ಕ ಕನ್ನಡಕ ಸರಿ ಮಾಡ್ಕೊಂಡು ನಿಧಾನವಾಗಿ ಓದಿದ್ರು: "ಐಟಂ ವಾಸ್ ಲಾಸ್ಟ್, ನೌ ಫೌಂಡ್."

ಪ್ರಿಂಟ್‌ನಲ್ಲಿ ಆ ಸಾಲಿನ ಮೇಲೆ ಕೆಂಪು ಇಂಕಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು, ಕೆಳಗೆ 370 ಅಂತ ತಿದ್ದಿದ್ರು.